ಹೊಗೆಯ ಮೇಲಿನ ಹಲಗೆ

"ಒರೆಸಿಬಿಟ್ರಾ?" ಎಂದು ದೊಡ್ಡಮ್ಮ ಕೇಳಿದರು.

ಒರೆಸಿದ್ದೇವೆ ಎಂದು ನಿರ್ದೇಶಕ ಹೆಮ್ಮೆಯಿಂದಲೇ ಒಪ್ಪಿಕೊಂಡ. ಒಂದಲ್ಲ, ಎರಡು ಸಲ. ಮೂರು ದಿನದಿಂದ ತಾಲೀಮು ನಿಂತು ರಂಗದ ಮೇಲೆ ಧೂಳು ಕೂತಿತ್ತು. ದೊಡ್ಡವರು ನೋಡಲು ಬರುತ್ತಾರೆಂದ ಮೇಲೆ ಜಾಗ ಹೊಲಸಾಗಿರಬಾರದಲ್ಲ ಎಂಬುದು ಅವನ ವಿಚಾರ.

ದೊಡ್ಡಮ್ಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡರು. ಪತ್ತೆದಾರಿ ಪೊಲೀಸಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಹೆಂಗಸು ಅವರು. ಆ ಹೆಸರನ್ನು ಕೈಮುಗಿದು ಹೇಳಿದ್ದಕ್ಕಿಂತ ಹಲ್ಲು ಕಚ್ಚಿಕೊಂಡು ಹೇಳಿದ್ದೇ ಹೆಚ್ಚು. ಭಗವಂತ ಎರಡನ್ನೂ ಒಂದೇ ಪ್ರೀತಿಯಿಂದ ಕೇಳಿಸಿಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಅವನಿಗಾದರೂ ಬೇರೆ ದಾರಿ ಏನಿದೆ?

"ಪ್ರೊಜೆಕ್ಟರಿನ ಚಿತ್ರ? ಅದನ್ನಾದ್ರೂ ಹಾಗೇ ಬಿಟ್ಟಿದ್ದೀರಾ?"

"ಅದನ್ನೂ ನಾನೇ ಸರಿ ಮಾಡಿಬಿಟ್ಟೆ ದೊಡ್ಡಮ್ಮ. ಒಂದು ಮೊಳ ಜಾರಿತ್ತು. ಈಗ ನೋಡಿ, ಹಲಗೆಗೆ ಹಲಗೆ ಕೂತಿದೆ."

ಅವನ ದೊಡ್ಡಮ್ಮ ಅವರಲ್ಲ. ಚಿತ್ರ ಮಾಡಿದವಳ ತಾಯಿಯ ಅಕ್ಕ ಅವರು, ತಾಯಿ ಹೋದ ಮೇಲೆ ಅವಳನ್ನು ಸಾಕಿದವರು. ಅವಳು ಬಾಗಿಲಲ್ಲಿ ಒಂದೇ ಒಂದು ಸಲ ದೊಡ್ಡಮ್ಮ ಎಂದು ಕರೆದಿದ್ದೇ ಸಾಕಾಯಿತು, ಕಾವಲುಗಾರನಿಂದ ಹಿಡಿದು ಕೊಳಲಿನವನವರೆಗೆ ಇಡೀ ರಂಗಮಂದಿರಕ್ಕೆ ಅವರು ದೊಡ್ಡಮ್ಮನಾಗಿಬಿಟ್ಟಿದ್ದರು. ಇಷ್ಟು ಜನ ಮಕ್ಕಳನ್ನು ಒಂದೇ ಮಧ್ಯಾಹ್ನ ಪಡೆದವರು ಲೋಕದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಒಬ್ಬರೂ ಹೇಳಿದ ಮಾತು ಕೇಳುವವರಲ್ಲ.

ಮೂರು ದಿನದ ಹಿಂದೆ, ಬೆಳಗಿನ ತಾಲೀಮಿನಲ್ಲಿ, ಈ ಸಂಗೀತ ನಾಟಕದ ನಾಯಕಿ ಮುರಿದ ಸೇತುವೆಯ ಹಾಡನ್ನು ಹಾಡುತ್ತಲೇ ಇಲ್ಲದ ಹಲಗೆಯ ಮೇಲೆ ಕಾಲಿಟ್ಟು, ಎರಡಾಳು ಎತ್ತರದಿಂದ ಕೆಳಗೆ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಮತ್ತೆ ನಡೆದಾಳೋ ಇಲ್ಲವೋ ಎಂಬುದನ್ನು ವೈದ್ಯರು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಸೇತುವೆ ಎಂದರೆ ಸೇತುವೆಯೇನೂ ಅಲ್ಲ. ಬೂದು ಬಣ್ಣ ಬಳಿದ ಎರಡು ಎತ್ತರದ ಅಟ್ಟಣೆಗಳು, ಕಾಲಿಗೆ ಚಕ್ರ. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ಕತ್ತಲಲ್ಲಿ ಉರುಳಿ ಬಂದು ನಿಲ್ಲುತ್ತವೆ, ನಡುವೆ ಕಂದರ. ಬಾಲ್ಕನಿಯ ಮುಂದೆ ತೂಗುಹಾಕಿದ ಪ್ರೊಜೆಕ್ಟರ್ ಹೊತ್ತಿಕೊಂಡರೆ ಆ ಬೂದು ಹಲಗೆ ಹಳೇ ಮರವಾಗುತ್ತದೆ. ಬಿರುಕು, ಪಾಚಿ, ತುಕ್ಕು ಹಿಡಿದ ಮೊಳೆ ಎಲ್ಲ ಮೂಡುತ್ತವೆ. ಹಿಂದಿನ ಇಟ್ಟಿಗೆ ಗೋಡೆಯ ಮೇಲೆ ದೂರದ ಊರಿನ ದೀಪಗಳು ಏಳುತ್ತವೆ. ಎಲ್ಲವೂ ಒಂದೇ ಯಂತ್ರದ ಬೆಳಕು.

ಎಡಗಡೆಯಿಂದ ಹಾಡುತ್ತಾ ಬರುವ ನಾಯಕಿ ಹಲಗೆ ಮುಗಿಯುವಲ್ಲಿ ನಿಲ್ಲಬೇಕು. ಅವಳ ಕಣ್ಣಿಗೆ ಎದುರಿನ ದೀಪ ಹೊಡೆಯುತ್ತದೆ, ಕಾಲಡಿ ಕಾಣುವುದು ಚಿತ್ರದ ಹಲಗೆ ಮಾತ್ರ. ಕಂದರದಲ್ಲಿ ಮಂಜೆಂದು ಬಿಡುವ ಹೊಗೆ ತುಂಬಿರುತ್ತದೆ. ಹೊಗೆಯ ಮೇಲೆ ಬಿದ್ದ ಬೆಳಕೂ ಹಲಗೆಯಂತೆಯೇ ಕಾಣುತ್ತದೆ. ಆ ದಿನ ಚಿತ್ರದ ಸೇತುವೆ ನಿಜವಾದ ಅಂಚಿಗಿಂತ ಒಂದು ಮೊಳ ಮುಂದೆ ಮುಗಿದಿತ್ತು. ಅವಳು ಆ ಒಂದು ಮೊಳವನ್ನು ನಂಬಿದಳು.

ಬಿದ್ದ ಮೇಲೆ ಎಲ್ಲರೂ ಓಡಿಬಂದು ಅಟ್ಟಣೆಯನ್ನು ಪಕ್ಕಕ್ಕೆ ತಳ್ಳಿದರು. ಅವಳನ್ನು ಆಸ್ಪತ್ರೆಗೆ ಸಾಗಿಸಿ ಅಟ್ಟಣೆಯನ್ನು ಮತ್ತೆ ಗುರುತಿಗೆ ತಂದು ನಿಲ್ಲಿಸಿ ಚಿತ್ರ ಹಾಕಿ ನೋಡಿದರೆ, ಮೊಳದ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಅಲ್ಲಿಗೆ ಎಲ್ಲರೂ ಒಂದೇ ಮಾತಿನವರಾದರು. ಚಿತ್ರ ಜಾರಿದೆ, ಚಿತ್ರ ಮಾಡಿದವಳದೇ ತಪ್ಪು. ಇವತ್ತು ಸಂಜೆ ಐದಕ್ಕೆ ಮೇಲಿನ ಕೋಣೆಯಲ್ಲಿ ಆಡಳಿತ ಮಂಡಳಿ ಸೇರಿ ಪೊಲೀಸರಿಗೆ ಕೊಡುವ ದೂರಿಗೆ ಸಹಿ ಹಾಕಲಿತ್ತು. ಅಷ್ಟರೊಳಗೆ ಬೇರೇನಾದರೂ ಸಿಕ್ಕರೆ ತನ್ನಿ ಎಂದು ಹಳೇ ಪೊಲೀಸಮ್ಮನಿಗೆ ಒಂದು ಮಧ್ಯಾಹ್ನದ ದಯೆ ತೋರಿಸಿದ್ದರು.

ಈಗ ಗಂಟೆ ಎರಡೂವರೆ. ನೆಲ ಒರೆಸಿದೆ, ಚಿತ್ರ ತಿದ್ದಿದೆ. ಅಪರಾಧಿಗೂ ಇಷ್ಟು ಚೆನ್ನಾಗಿ ಮಾಡಲು ಬರುತ್ತಿರಲಿಲ್ಲ.

"ಚಿತ್ರ ಹಾಕಿ," ಎಂದರು ದೊಡ್ಡಮ್ಮ.

ಚಿತ್ರ ಬಂತು. ನಿರ್ದೇಶಕ ಪಕ್ಕದಲ್ಲಿ ನಿಂತು ಹಲಗೆ, ಅಂಚು, ಪಾಚಿ ಎಂದು ಬೆರಳು ಮಾಡಿ ತೋರಿಸುತ್ತಲೇ ಇದ್ದ. ಸಿನಿಮಾ ಮಾಡುವವರ ಚಿತ್ರಕ್ಕೂ ರಂಗದ ಚಿತ್ರಕ್ಕೂ ಇರುವ ಭೇದವನ್ನೂ ವಿವರಿಸಿದ. ಸಿನಿಮಾದ ಚಿತ್ರ ತನ್ನ ಪರದೆಗೆ ತಾನೇ ಯಜಮಾನ. ರಂಗಕ್ಕೆ ಬಂದ ಚಿತ್ರ ಹೊಸದಾಗಿ ಮನೆಗೆ ಬಂದ ಸೊಸೆಯ ಹಾಗೆ, ಮರ, ಬಟ್ಟೆ, ಮನುಷ್ಯರ ಮೈ, ಹೊಗೆ ಎಲ್ಲದರ ಜೊತೆ ಹೊಂದಿಕೊಂಡು ಹೋಗಬೇಕು. ಹೊಂದಿಕೊಳ್ಳದಿದ್ದರೆ ಚಿತ್ರವನ್ನೇ ಸರಿಸುತ್ತೇವೆ, ಅದೇ ಪದ್ಧತಿ ಎಂದ.

"ಯಾವಾಗ್ಲೂ ಸೊಸೇನೇ ಸರೀಬೇಕಾ?"

ನಿರ್ದೇಶಕನಿಗೆ ಅದು ತಮಾಷೆಯಾಗಿ ಕಂಡಿತು. ನಕ್ಕ. ದೊಡ್ಡಮ್ಮ ನಗಲಿಲ್ಲ. ಅವರ ಕಣ್ಣು ಸೇತುವೆಯನ್ನು ಬಿಟ್ಟು ಹಿಂದಿನ ಗೋಡೆಯ ಮೇಲೆ ಓಡಾಡುತ್ತಿತ್ತು.

ಇಟ್ಟಿಗೆಯ ಆ ಹಳೇ ಗೋಡೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಒಂದು ಕಬ್ಬಿಣದ ಕೊಕ್ಕೆ ಇತ್ತು. ಯಾವ ಕಾಲದಲ್ಲಿ ಯಾರು ಹೊಡೆದದ್ದೋ, ಗೋಡೆ ಬಿದ್ದರೂ ತಾನು ಬೀಳೆನೆಂಬ ಹಾಗೆ ಇತ್ತು. ಅದರಿಂದ ಒಂದು ಮೊಳ ಎಡಕ್ಕೆ, ಬರಿಯ ಇಟ್ಟಿಗೆಯ ಮೇಲೆ, ಬೆಳಕಿನ ಲಾಂದ್ರವೊಂದು ಯಾವುದರ ಆಸರೆಯೂ ಇಲ್ಲದೆ ನೇತಾಡುತ್ತಿತ್ತು.

"ಆ ಲಾಂದ್ರ ಯಾವುದಕ್ಕೆ ನೇತು ಹಾಕಿರೋದು?"

ನಿರ್ದೇಶಕ ಕಣ್ಣು ಕಿರಿದು ಮಾಡಿ ನೋಡಿದ. ಮೊದಲು ಕೊಕ್ಕೆಯಲ್ಲೇ ಇತ್ತು ಎಂದ. ಅದೊಂದು ಸೊಗಸಾದ ಕಲ್ಪನೆ, ನಿಜವಾದ ಕೊಕ್ಕೆಗೆ ಬೆಳಕಿನ ಲಾಂದ್ರ, ಮೊದಲ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ತಾನು ಚಿತ್ರ ಸರಿಸಿದಾಗ ಅದೂ ಸರಿದಿದೆ. ಪರವಾಗಿಲ್ಲ, ಅಷ್ಟು ಮೇಲೆ ಯಾರು ನೋಡುತ್ತಾರೆ ಎಂದು ಬಿಟ್ಟಿದ್ದಾಗಿ ಹೇಳಿದ.

ಯಾರೂ ನೋಡಿರಲಿಲ್ಲ ನಿಜ. ಎತ್ತಿ ತೋರಿಸಿದ ಮೇಲೂ ಅವನು ನೋಡುತ್ತಿರಲಿಲ್ಲ.

ಪ್ರತಿ ತಾಲೀಮನ್ನೂ ಸಭಾಂಗಣದ ಹಿಂದೆ ನಿಲ್ಲಿಸಿದ ಒಂದು ಕ್ಯಾಮರಾ ಚಿತ್ರೀಕರಿಸುತ್ತದೆ, ನಿರ್ದೇಶಕ ಮನೆಗೆ ಹೋಗಿ ತಪ್ಪು ಹುಡುಕಲಿಕ್ಕೆ. ಆ ದಿನದ್ದು ಇದೆಯೇ ಎಂದು ದೊಡ್ಡಮ್ಮ ಕೇಳಿದರು. ಇತ್ತು. ಮಂಡಳಿಯವರೆಲ್ಲ ನಾಲ್ಕಾರು ಸಲ ನೋಡಿದ್ದರು. ಹಾಗಾದರೆ ನನಗೇಕೆ ಬಂದ ತಕ್ಷಣ ತೋರಿಸಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದ ಪುಣ್ಯಾತ್ಮ.

ಸಣ್ಣ ಪರದೆಯ ಮೇಲೆ ನಾಯಕಿ ಮತ್ತೆ ನಡೆದು ಬಂದಳು, ಮತ್ತೆ ಬಿದ್ದಳು. ದೊಡ್ಡಮ್ಮನಿಗೂ ಮೊದಲ ಸಲ ಅವಳನ್ನಲ್ಲದೆ ಬೇರೇನನ್ನೂ ನೋಡಲಾಗಲಿಲ್ಲ. ಒಂದು ಜೀವ ಬೀಳುವಾಗ ಗೋಡೆಯನ್ನು ನೋಡುವ ಕಣ್ಣು ಯಾರಿಗಿದೆ. ಎರಡನೆಯ ಸಲ ಅವರು ಅಂಗೈಯಿಂದ ಪರದೆಯ ಕೆಳಗಿನ ಅರ್ಧವನ್ನು ಮುಚ್ಚಿಕೊಂಡು ನೋಡಿದರು.

ಲಾಂದ್ರ ಕೊಕ್ಕೆಯಲ್ಲೇ ಇತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಚಿತ್ರ ಜಾರಿರಲಿಲ್ಲ," ಎಂದರು. "ಜಾರಿದ್ರೆ ಲಾಂದ್ರಾನೂ ಜಾರಬೇಕಿತ್ತು. ಗೋಡೆ ಜಾರಲ್ಲ, ಕೊಕ್ಕೆ ಜಾರಲ್ಲ. ಜಾರಿದ್ದು ನಿಮ್ಮ ಅಟ್ಟಣೆ."

ನಿರ್ದೇಶಕನ ಬಾಯಿ ತೆರೆದೇ ಇತ್ತು. ಅದನ್ನು ಹಾಗೇ ಬಿಟ್ಟು ದೊಡ್ಡಮ್ಮ ಮೇಸ್ತ್ರಿಯನ್ನು ಕರೆಸಿದರು.

ಅಟ್ಟಣೆಗಳನ್ನು ಕಟ್ಟಿದವನೂ ಅವನೇ, ತಳ್ಳಿ ತಂದು ನಿಲ್ಲಿಸುವವನೂ ಅವನೇ. ಮೀಸೆ ನರೆತ, ಮಾತು ಕಡಿಮೆಯ ಮನುಷ್ಯ. ಬಂದವನು ಕೈಕಟ್ಟಿ ನಿಂತ. ಅವನಿಗೆ ಆಗಲೇ ಕೋಪ ಬಂದಿತ್ತು. ಮರ ತಪ್ಪು ಮಾಡಿದೆ ಎಂದು ಯಾರೋ ಹೇಳಿದ್ದು ಬಾಗಿಲಲ್ಲೇ ಕಿವಿಗೆ ಬಿದ್ದಿತ್ತು.

"ನೆಲದ ಮೇಲೆ ಟೇಪಿನ ಗುರುತಿದೆ. ಚಕ್ರ ಅಲ್ಲಿಗೆ ಬಂದ್ರೆ ನಿಲ್ಲಿಸ್ತೀನಿ. ಇಪ್ಪತ್ತೆಂಟು ವರ್ಷದಿಂದ ಹಾಗೇ ನಿಲ್ಲಿಸಿದ್ದೀನಿ ತಾಯಿ. ಆವತ್ತೂ ಗುರುತಿಗೇ ನಿಲ್ಲಿಸಿದೆ."

"ಗುರುತು ಅದರ ಜಾಗದಲ್ಲೇ ಇತ್ತಾ?"

"ಗುರುತು ಎದ್ದು ಓಡಾಡುತ್ತಾ?"

ಆ ಪ್ರಶ್ನೆಗೆ ಉತ್ತರ ಕೊಡದೆ ದೊಡ್ಡಮ್ಮ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತರು. ಮಂಡಿ ಕಿರುಗುಟ್ಟಿತು. ಬಿಳಿ ಟೇಪಿನ ತುಂಡು ಕಪ್ಪು ನೆಲಕ್ಕೆ ಅಂಟಿಕೊಂಡಿತ್ತು. ಉಳಿದ ಗುರುತುಗಳ ಅಂಚು ಚಕ್ರ ಉಜ್ಜಿ ಉಜ್ಜಿ ಜೂಲುಜೂಲಾಗಿದ್ದರೆ ಇದರ ಅಂಚು ನೆಟ್ಟಗಿತ್ತು. ಅದರಿಂದ ಬಲಕ್ಕೆ ಮೊಣಕೈ ಊರಿ ಒಂದು ಮೊಳ ಅಳೆದರು, ಅಲ್ಲಿ ಅಂಗೈ ಇಟ್ಟು ನಿಧಾನವಾಗಿ ಸವರಿದರು.

ಕಣ್ಣಿಗೇನೂ ಕಾಣಲಿಲ್ಲ. ಕಪ್ಪು ಬಣ್ಣ ಸವರಿದ್ದರು. ಒರೆಸಿದವರು ಎರಡು ಸಲ ಒರೆಸಿದ್ದರು. ಆದರೂ ಅಂಗೈಗೆ ಒಂದು ಪಟ್ಟಿ ಹತ್ತಿತು. ಬೆರಳಗಲ, ಗೇಣುದ್ದ, ಸ್ವಲ್ಪ ಜಿಗುಟು.

"ನಿಮ್ಮ ಕೈ ಕೊಡಿ ಮೇಸ್ತ್ರಿ."

ಅವನು ಬಾಗಿ ಬೆರಳಿಟ್ಟ. ಹೆಬ್ಬೆರಳಿನಿಂದ ಬಣ್ಣವನ್ನು ಕೆರೆದ, ಅಡಿಯಿಂದ ಹಳೇ ಟೇಪಿನ ಅಂಟು ಉರುಳೆಯಾಗಿ ಎದ್ದುಬಂತು. ಅದನ್ನು ಮೂಸಿ ನೋಡಿದ. ಮನುಷ್ಯನ ಮುಖದಲ್ಲಿದ್ದ ಕೋಪ ಇಳಿದು ಅದರ ಜಾಗಕ್ಕೆ ಬೇರೆಯೇ ಒಂದು ಭಾವ ಬಂದು ಕೂತಿತು.

"ಹಾಗಾದ್ರೆ ನಾನೇ ಅವಳನ್ನ..." ಎಂದು ನಿಲ್ಲಿಸಿದ.

"ನೀವು ಗುರುತು ನಂಬಿದ್ರಿ, ಅವಳು ಚಿತ್ರ ನಂಬಿದಳು. ನಂಬಿದೋರ ತಪ್ಪಲ್ಲ ಇದು. ಏಳಿ."

ಎದ್ದು ನಿಂತ ಮೇಸ್ತ್ರಿ ತಲೆ ಕೆರೆದುಕೊಂಡು ಒಂದು ಮಾತು ಹೇಳಿದ. ಹೇಳದೆ ಇದ್ದಿದ್ದರೆ ದೊಡ್ಡಮ್ಮನಿಗೆ ಆ ಸಂಜೆ ಎಷ್ಟೋ ಸುಖವಾಗಿರುತ್ತಿತ್ತು. ಗುರುತು ಬದಲಾಗಿದ್ದರೂ ಮೇಡಂಗೆ ತಿಳಿಯಬೇಕಿತ್ತಲ್ಲ ಎಂದ. ಮೇಡಂ ಎಂದರೆ ಚಿತ್ರ ಮಾಡಿದವಳು. ಪ್ರತಿದಿನ ತಾಲೀಮಿಗೆ ಮುಂಚೆ ಚಿತ್ರ ಹಾಕಿ, ಹೊಗೆ ಬಿಡಿಸಿ, ಅಟ್ಟಣೆಯ ಮೇಲೆ ತುದಿವರೆಗೆ ಮೊದಲು ನಡೆಯುವವಳು ಅವಳೇ. ಅವಳ ಹೆಜ್ಜೆ ಆಗದೆ ಇನ್ನೊಬ್ಬರ ಹೆಜ್ಜೆ ಬೀಳಕೂಡದು. ಅವಳೇ ಮಾಡಿದ ಕಟ್ಟಳೆ. ನಡೆದ ಮೇಲೆ ರಂಗದ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ ಪುಸ್ತಕದಲ್ಲಿ ಬರೆಯುತ್ತಾಳೆ.

ದೊಡ್ಡಮ್ಮ ಹೋಗಿ ಪುಸ್ತಕ ತೆಗೆದರು. ಆ ತಾರೀಖಿನ ಕೆಳಗೆ ಪರಿಚಯದ ಅಕ್ಷರ. ತಾವೇ ಕೈಹಿಡಿದು ತಿದ್ದಿಸಿದ ಅಕ್ಷರ.

ನಡೆದು ನೋಡಿದ್ದೇನೆ. ಸರಿಯಿದೆ.

*

ಚಿತ್ರದ ಕೋಣೆ ಬಾಲ್ಕನಿಯ ಹಿಂದಿತ್ತು. ಕಿಟಕಿಯಿಲ್ಲ. ಎರಡು ಕಂಪ್ಯೂಟರುಗಳು ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿದ್ದವು. ಬಾಗಿಲು ಮುಚ್ಚಿದರೆ ಹೊರಗೆ ಮಧ್ಯಾಹ್ನವೋ ಸಂಜೆಯೋ ತಿಳಿಯುವಂತಿರಲಿಲ್ಲ. ಅವಳು ಮೇಜಿನ ಮುಂದೆ ಮಂಡಿ ಮಡಚಿಕೊಂಡು ಕೂತಿದ್ದಳು.

ಮನೆಯಲ್ಲಿ ಅವಳನ್ನು ಮಿಣುಕಿ ಎಂದೇ ಕರೆಯುವುದು. ಐದು ವರ್ಷದವಳಿದ್ದಾಗ ಹಿಟ್ಟು ಜರಡಿಯ ಹಿಂದೆ ಟಾರ್ಚು ಹಿಡಿದು ಗೋಡೆಯ ತುಂಬ ನಕ್ಷತ್ರ ಬಿಡಿಸಿದ್ದಳು. ಹಿಟ್ಟೆಲ್ಲ ನೆಲಕ್ಕೆ ಚೆಲ್ಲಿತ್ತು. ಹೊಡೆಯಲೆಂದು ಬಂದ ದೊಡ್ಡಮ್ಮ ನಕ್ಷತ್ರ ನೋಡಿ ಕೈ ಇಳಿಸಿದ್ದರು. ಮೂವತ್ತೇಳು ವರ್ಷವಾದರೂ ಮಾಡುತ್ತಿರುವ ಕೆಲಸ ಅದೇ, ಜರಡಿ ದೊಡ್ಡದಾಗಿದೆ ಅಷ್ಟೆ.

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತು ಕೊಕ್ಕೆ, ಲಾಂದ್ರ, ಅಂಟಿನ ಪಟ್ಟಿ ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಹೇಳುತ್ತಾ ಅವಳ ಮುಖ ನೋಡಿದರು. ತಲೆಯ ಮೇಲಿನ ಕತ್ತಿ ಇಳಿಯಿತು ಎಂದು ಕೇಳಿದವರ ಮುಖ ಹಾಗಿರುವುದಿಲ್ಲ.

"ಬಿಡು ದೊಡ್ಡಮ್ಮ. ಐದು ಗಂಟೆಗೆ ನಾನೇ ಒಪ್ಕೋತೀನಿ," ಎಂದಳು.

"ಏನಂತ?"

"ಚಿತ್ರ ಜಾರಿತ್ತು ಅಂತ."

"ಜಾರಿರಲಿಲ್ಲ ಅಂತ ಇಷ್ಟು ಹೊತ್ತು ಹರಿಕಥೆ ಮಾಡಿದ್ನಲ್ಲೇ."

"ಕೇಳಿಸ್ಕೊಂಡೆ."

"ಕೇಳಿಸ್ಕೊಂಡು?"

ಅವಳು ಮೇಜಿನ ಮೇಲಿದ್ದ ಪೆನ್ನನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದಳು, ಅಷ್ಟೆ. ಬೆಳಗಿನಿಂದ ಹೀಗೆಯೇ. ಒಂದು ಕೇಳಿದರೆ ಇನ್ನೊಂದು ಹೇಳುವುದು, ಹೇಳಿದ್ದನ್ನೂ ಅರ್ಧಕ್ಕೆ ನುಂಗುವುದು, ನೀರು ಕುಡಿಯುತ್ತೇನೆಂದು ಎದ್ದು ಹೋಗುವುದು. ಠಾಣೆಯಲ್ಲಿ ಎಂಥೆಂಥ ಕಳ್ಳರ ಬಾಯಿಂದ ಮಾತು ಹೊರಡಿಸಿದ ದೊಡ್ಡಮ್ಮನಿಗೆ ತಮ್ಮ ಮಡಿಲಲ್ಲಿ ಬೆಳೆದ ಹುಡುಗಿಯ ಬಾಯಿ ಬಿಡಿಸಲಾಗಿರಲಿಲ್ಲ. ಪರರಾಗಿದ್ದರೆ ಗದರಬಹುದಿತ್ತು. ಸ್ವಂತದವರ ಮೌನ ಹಲ್ಲಿಗೆ ಸಿಕ್ಕ ನಾರಿನಂತೆ, ನಾಲಿಗೆ ಅಲ್ಲಿಗೇ ಹೋಗಿ ಹೋಗಿ ಸೋಲುತ್ತದೆ.

ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ನೀನು ನಡೆದಿದ್ರೆ ಆ ಅಂಚು ನಿನಗೆ ಗೊತ್ತಾಗ್ಲೇಬೇಕಿತ್ತು. ಅದರ ಒಂದೊಂದು ಬಿರುಕೂ ನೀನೇ ಬಿಡಿಸಿದ್ದು. ಗೊತ್ತಾಗಿಯೂ ಸುಮ್ಮನಿದ್ಯಾ?"

"ಇಲ್ಲ."

"ಹಾಗಾದ್ರೆ ನಡೀಲಿಲ್ಲ."

ಮಿಣುಕಿ ಪುಸ್ತಕವನ್ನು ದೂರ ತಳ್ಳಿದಳು.

"ನಡೀದೆ ನಡೆದೆ ಅಂತ ಬರೆದೆ. ಮಿಣುಕಿ, ಇಷ್ಟು ವರ್ಷದಲ್ಲಿ ನೀನು ಒಂದು ಸುಳ್ಳು ಬರೆದದ್ದನ್ನ ನಾನು ಕಂಡಿಲ್ಲ. ಹರಿದ ಬಟ್ಟೆ ಬಚ್ಚಿಡೋಕೂ ಬರ್ತಿರಲಿಲ್ಲ ನಿನಗೆ. ಎಲ್ಲಿಗೆ ಹೋಗಿದ್ದೆ?"

"ಕೇಳಬೇಡ ದೊಡ್ಡಮ್ಮ."

"ಕೇಳದೆ ಇನ್ನೇನು ಮಾಡಲಿ? ಆ ಹೆಂಗಸು ಹಾಸಿಗೆ ಹಿಡಿದಿದ್ದಾಳೆ. ನಿನ್ನ ಜೈಲಿಗೆ ಕಳಿಸೋಕೆ ಮೇಲೆ ಕುರ್ಚಿ ಜೋಡಿಸ್ತಿದ್ದಾರೆ. ನೀನು ಇಲ್ಲಿ ಪೆನ್ನು ಉರುಳಿಸ್ತಾ ಕೂತಿದ್ದೀಯ. ಯಾರನ್ನ ಕಾಪಾಡ್ತಿದ್ದೀಯ ನೀನು?"

ಅವಳು ಮುಖ ಎತ್ತಿದಳು. ಕಣ್ಣು ತುಂಬಿತ್ತು, ಆದರೆ ಅದು ಅಳುವಿನದಲ್ಲ, ಸಿಟ್ಟಿನದು. ಮೂರು ದಿನದಿಂದ ನುಂಗಿಟ್ಟದ್ದು.

"ನಿನ್ನನ್ನ," ಎಂದಳು.

ದೊಡ್ಡಮ್ಮ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

ಆಮೇಲೆ ಅವಳು ತಡೆಯದೆ ಹೇಳಿದಳು. ಆ ದಿನ ಹತ್ತು ಗಂಟೆಗೆ ಐದು ನಿಮಿಷವಿತ್ತು. ಚಿತ್ರ ಹಾಕಿ ಕೆಳಗಿಳಿದು ಅಟ್ಟಣೆಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಫೋನು ಬಂತು. ಮನೆಯಿಂದ. ದೊಡ್ಡಮ್ಮನ ದನಿ. ತಲೆ ಸುತ್ತುತ್ತಿದೆ, ಎದ್ದು ನಿಲ್ಲಲಾಗುತ್ತಿಲ್ಲ, ಬೇಗ ಬಾರೇ ಎಂದಿತು. ಅವಳು ಯಾರಿಗೂ ಹೇಳದೆ ಓಡಿದಳು. ಅರ್ಧ ದಾರಿಯಲ್ಲಿ ಹೇಗಿದ್ದೀಯೆಂದು ತಿರುಗಿ ಫೋನು ಮಾಡಿದರೆ ಅದೇ ದನಿ, ಈಗ ಪರವಾಗಿಲ್ಲ, ಬರಬೇಡ, ನಿನ್ನ ಕೆಲಸ ನೋಡಿಕೋ ಎಂದಿತು. ವಾಪಸು ಬಂದಾಗ ಹಾಡು ಶುರುವಾಗಿಬಿಟ್ಟಿತ್ತು. ನಿರ್ದೇಶಕನಿಗೆ ಕಾಯುವ ಗುಣವಿಲ್ಲ. ಪುಸ್ತಕ ಖಾಲಿ ಇದ್ದರೆ ರಂಪವಾಗುತ್ತದೆಂದು, ನಿನ್ನೆ ಸರಿಯಿತ್ತು ಇವತ್ತೂ ಸರಿಯಿರುತ್ತದೆಂದು, ಒಂದು ಗೆರೆ ಗೀಚಿದಳು. ಗೀಚಿ ಪೆನ್ನಿನ ಮುಚ್ಚಳ ಹಾಕುವಾಗ ಹಾಡು ನಡುವೆಯೇ ನಿಂತುಹೋಯಿತು.

"ಆಸ್ಪತ್ರೆಗೆ ಬಂದೆಯಲ್ಲ ನೀನು, ಅವತ್ತು ಸಂಜೆ. ನಾನು ಕೇಳಿದೆ, ತಲೆಸುತ್ತು ಹೇಗಿದೆ ಅಂತ. ಯಾವ ತಲೆಸುತ್ತು ಅಂದೆ ನೀನು."

ದೊಡ್ಡಮ್ಮನಿಗೆ ನೆನಪಾಯಿತು. ಕೇಳಿದ್ದಳು. ಗಾಬರಿಯಲ್ಲಿ ಏನೋ ಬಡಬಡಿಸುತ್ತಿದ್ದಾಳೆಂದುಕೊಂಡು ಬೆನ್ನು ಸವರಿ ಸುಮ್ಮನಾಗಿದ್ದರು. ಮೂವತ್ತೊಂದು ವರ್ಷದ ಪತ್ತೆದಾರಿಕೆ ಆ ಒಂದು ಪ್ರಶ್ನೆಯನ್ನು ಕೈಯಾರೆ ಪಕ್ಕಕ್ಕೆ ಸರಿಸಿತ್ತು.

"ಅವತ್ತೇ ನನಗೆ ಅನುಮಾನ ಬಂತು," ಎಂದಳು ಮಿಣುಕಿ. "ನಿನಗೆ ಮೊದಲೇ ಗೊತ್ತಿತ್ತು ಅಂದ್ಕೊಂಡೆ. ಇಲ್ಲಿ ಏನೋ ಆಗತ್ತೆ ಅಂತ ಎಲ್ಲಿಂದಲೋ ತಿಳಿದು, ನನ್ನನ್ನ ಮಾತ್ರ ಆಚೆ ಎಳ್ಕೊಂಡೆ. ಅವಳನ್ನ ಬಿಟ್ಟೆ. ಹೇಳಿದ್ರೆ ನಿನ್ನ ಕೇಳ್ತಾರೆ. ಅದಕ್ಕೆ ಹೇಳಲಿಲ್ಲ."

ಸಾಕಿದ ಮಗು ತನ್ನ ಬಗ್ಗೆ ಏನನ್ನು ನಂಬಬಹುದೆಂದು ಮನುಷ್ಯ ಲೆಕ್ಕ ಹಾಕಿಟ್ಟುಕೊಂಡಿರುವುದಿಲ್ಲ. ಅವಳು ತನ್ನನ್ನು ಇಂಥವಳೆಂದು ನಂಬಿದ್ದಳು. ನಂಬಿಯೂ ತನಗಾಗಿ ಜೈಲಿಗೆ ಹೋಗಲು ಸಿದ್ಧಳಾಗಿದ್ದಳು. ಯಾವುದಕ್ಕೆ ಮೊದಲು ಅಳಬೇಕೆಂದು ದೊಡ್ಡಮ್ಮನಿಗೆ ಗೊತ್ತಾಗಲಿಲ್ಲ. ಅವರು ಅಳಲಿಲ್ಲ. ಅದಕ್ಕೆ ಹೊತ್ತಿರಲಿಲ್ಲ.

"ಕೇಳಿಲ್ಲಿ. ಅವತ್ತು ಹತ್ತು ಗಂಟೆಗೆ ನಾನು ಕಣ್ಣಿನ ಡಾಕ್ಟರ ಹತ್ರ ಇದ್ದೆ. ಔಷಧಿ ಹಾಕಿ ಕಣ್ಣು ಮುಚ್ಚಿಸಿ ಕೂರಿಸಿದ್ರು, ಹನ್ನೊಂದೂವರೆವರೆಗೆ. ಮನೆಗೆ ಬೀಗ ಹಾಕಿ ಹೋಗಿದ್ದೆ. ನೀನು ಇಲ್ಲೇ ಹತ್ತಿರ ಮನೆ ಮಾಡಿ ಹೋದ ಮೇಲೆ ಆ ಬೀಗಕ್ಕೆ ಇರೋದು ಒಂದೇ ಕೀಲಿ. ಅದು ನನ್ನ ಚೀಲದಲ್ಲಿದೆ."

"ನಿನ್ನ ದನಿ ನನಗೆ ಗೊತ್ತಾಗಲ್ವಾ ದೊಡ್ಡಮ್ಮ?"

"ಗೊತ್ತಾಗತ್ತೆ. ಅದೇ ನನಗೂ ಭಯ. ಫೋನು ತೋರಿಸು."

ಅವಳು ತೋರಿಸಿದಳು. ಅಳಿಸಿರಲಿಲ್ಲ. ಮನೆ ಎಂಬ ಹೆಸರಿನಡಿ ಆ ದಿನದ ಎರಡು ಕರೆಗಳು. ಒಂದು ಬಂದದ್ದು, ಒಂದು ಹೋದದ್ದು. ಎರಡನ್ನೂ ಎತ್ತಿ ಮಾತಾಡಲಾಗಿತ್ತು.

ಹೊರಗಿನಿಂದ ಬಾಗಿಲು ಬಡಿದ ಸದ್ದಾಯಿತು. ಮೇಸ್ತ್ರಿ. ಐದಾಯಿತು, ಮೇಲೆ ಎಲ್ಲರೂ ಬಂದು ಕೂತಿದ್ದಾರೆ, ನಿರ್ದೇಶಕರು ಲಾಂದ್ರದ ವಿಷಯ ಆಗಲೇ ಹೇಳಿಬಿಟ್ಟಿದ್ದಾರೆ, ಹಾಗಾದರೆ ನಡೆದು ನೋಡಿದ ಮೇಡಂಗೆ ಯಾಕೆ ತಿಳಿಯಲಿಲ್ಲ ಎಂದು ಕೇಳುತ್ತಿದ್ದಾರೆ, ಇಬ್ಬರೂ ಬರಬೇಕಂತೆ ಎಂದ. ಹೇಳಬೇಡಿ ಎಂದದ್ದನ್ನೆಲ್ಲ ಹೇಳುವುದರಲ್ಲಿ ಆ ನಿರ್ದೇಶಕನಿಗೆ ಸಮಾನರಿರಲಿಲ್ಲ.

ಮಿಣುಕಿ ಎದ್ದು ಪುಸ್ತಕ ಎತ್ತಿಕೊಂಡಳು. "ಹೋಗೋಣ. ನಾನು ಒಪ್ಕೋತೀನಿ. ಫೋನಿನ ವಿಷಯ ತೆಗೀಬೇಡ."

"ತೆಗೀತೀನಿ. ಯಾರೋ ನಿನ್ನನ್ನ ಅಲ್ಲಿಂದ ಆಚೆ ಕಳಿಸೋಕೆ ಕರೆದಿದ್ದಾರೆ. ಅದನ್ನ ಬಿಟ್ರೆ ನಿನ್ನ ಉಳಿಸೋಕೆ ನನ್ನ ಹತ್ರ ಬೇರೇನೂ ಇಲ್ಲ."

"ನಿನ್ನ ಹಿಡೀತಾರೆ."

"ಹಿಡೀಲಿ. ಠಾಣೆ ನನಗೇನು ಹೊಸದಲ್ಲ, ಮೇಜಿನ ಆ ಕಡೆ ಕೂತು ಅಭ್ಯಾಸ ಇಲ್ಲ ಅಷ್ಟೆ."

ಹೇಳಿದ್ದೇನೋ ಹೇಳಿದರು. ಮೇಲಿನ ಕೋಣೆಯಲ್ಲಿ ಕೂತವರು ಮೊದಲು ಮಾಡುವ ಕೆಲಸ ಯಾವುದೆಂಬುದೂ ಅವರಿಗೆ ಗೊತ್ತಿತ್ತು. ಆ ನಂಬರಿಗೆ ಕರೆ ಮಾಡಿ ನೋಡುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಎತ್ತದಿದ್ದರೆ ಅದೊಂದು ಸಣ್ಣ ಸಾಕ್ಷಿ, ತಾನಿಲ್ಲದಾಗ ಆ ಮನೆ ಖಾಲಿಯೆಂದು. ಅದನ್ನು ತಾನೇ ಮೊದಲು ನೋಡಿಕೊಂಡು ಹೋಗುವುದು ಒಳ್ಳೆಯದು.

ಅವರು ಮಿಣುಕಿಯ ಫೋನಿನಲ್ಲೇ ಮನೆ ಎಂಬ ಹೆಸರನ್ನು ಒತ್ತಿ, ಅವಳಿಗೂ ಕೇಳಲೆಂದು ದನಿ ಜೋರು ಮಾಡಿ ಮೇಜಿನ ಮೇಲಿಟ್ಟರು.

ಒಂದು ಸಲ ಗಂಟೆ ಬಾರಿಸಿತು. ಹಜಾರದ ಮೂಲೆಯಲ್ಲಿ, ತಮ್ಮ ದೇವರ ಪಟದ ಕೆಳಗೆ, ಆ ಕಪ್ಪು ಫೋನು ಬಾರಿಸುವುದು ದೊಡ್ಡಮ್ಮನ ಕಣ್ಣಿಗೆ ಕಟ್ಟಿತು. ಎರಡು ಸಲ. ಬಾಗಿಲಾಚೆ ಮೇಸ್ತ್ರಿ ಕೆಮ್ಮಿದ. ಮೂರು ಸಲ.

ಯಾರೋ ಎತ್ತಿದರು.

ಮಿಣುಕಿ ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ತುಟಿಗಳು ಮುಚ್ಚಿದ್ದವು, ಬಿಗಿಯಾಗಿ ಮುಚ್ಚಿದ್ದವು.

"ಹೇಳೇ ಮಿಣುಕಿ," ಎಂದಿತು ದೊಡ್ಡಮ್ಮನ ದನಿ, ಫೋನಿನೊಳಗಿಂದ. "ಪಕ್ಕದಲ್ಲಿ ಯಾರಿದ್ದಾರೆ?"